ಬೆಟ್ಟದ ಮೊಲದ ಎರಡು ಉಡುಪುಗಳು

ವರ್ಷಕ್ಕೆ ಕೆಲವು ತಿಂಗಳು ಹಿಮದಿಂದ ಮುಚ್ಚಲ್ಪಡುವ ಪರ್ವತಪ್ರದೇಶಗಳ ಪ್ರಾಣಿಗಳಿಗೆ ಚಳಿಯೊಂದೇ ವೈರಿಯಲ್ಲ. ಬೇಸಗೆಯಲ್ಲಿ ಕಂದುಬಣ್ಣದ ಕಲ್ಲುಪೊದೆಗಳ ನಡುವೆ ಮರೆಯಾಗಿದ್ದ ಜೀವಿಯು, ಬಿಳಿಯ ಹಿಮದ ಮೇಲೆ ದೂರದಿಂದಲೇ ಶತ್ರುವಿನ ಕಣ್ಣಿಗೆ ಬೀಳುವುದು. ಈ ಆಪತ್ತಿನಿಂದ ಪಾರಾಗಲು ಕೆಲವು ಪ್ರಾಣಿಗಳು ಋತುವಿಗೆ ತಕ್ಕಂತೆ ಬಣ್ಣವನ್ನು ಬದಲಾಯಿಸಿಕೊಳ್ಳುವುವು. ಸ್ಕಾಟ್ಲೆಂಡ್ ದೇಶದ ಬೆಟ್ಟದ ಮೊಲವು ಇವುಗಳಲ್ಲೊಂದು.

ಈ ಮೊಲವು ಬೇಸಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳುಪು. ಕಿವಿಗಳ ತುದಿ ಮಾತ್ರ ಯಾವಾಗಲೂ ಕಪ್ಪು. ನರಿಯೂ ಹದ್ದೂ ಇದರ ಶತ್ರುಗಳು. ಅದೇ ಬೆಟ್ಟಗಳಲ್ಲಿರುವ ಟಾರ್ಮಿಗನ್ ಎಂಬ ಕೋಳಿಜಾತಿಯ ಪಕ್ಷಿಯೂ, ಮುಂಗುಸಿಯನ್ನು ಹೋಲುವ ಸ್ಟೋಟ್ ಎಂಬ ಬೇಟೆಪ್ರಾಣಿಯೂ ಹೀಗೆಯೇ ಬೆಳ್ಳಗಾಗುವುವು.

ಹಾಗಾದರೆ ಮೊಲವು ಹಿಮವನ್ನು ಕಂಡು ಬಣ್ಣವನ್ನು ಬದಲಾಯಿಸುವುದೇ? ಹಾಗಲ್ಲ. ಇದ್ದ ಕೂದಲೇ ಬೆಳ್ಳಗಾಗುವುದೂ ಇಲ್ಲ. ಅದು ಉದುರಿ, ಬಣ್ಣದ ದ್ರವ್ಯವಿಲ್ಲದ ಹೊಸ ಕೂದಲು ಹುಟ್ಟುವುದು. ಇದಕ್ಕೆ ಹಲವು ವಾರಗಳು ಬೇಕಾದುದರಿಂದ, ಹಿಮ ಬಿದ್ದ ಮೇಲೆ ಆರಂಭಿಸಿದರೆ ಕಾಲ ಮೀರಿಹೋಗುವುದು. ಆದುದರಿಂದ ಮೊಲದ ದೇಹವು ಹಗಲಿರುಳುಗಳ ಅಳತೆಯನ್ನು ಅನುಸರಿಸುವುದು. ಶರತ್ಕಾಲದಲ್ಲಿ ಇರುಳು ದೀರ್ಘವಾದಂತೆ ಮೆದುಳಿನ ಒಂದು ಚಿಕ್ಕ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸವು ಹೆಚ್ಚು ಹೊತ್ತು ಸ್ರವಿಸುವುದು. ಉಡುಪನ್ನು ಬದಲಾಯಿಸಲು ಇದೇ ಸೂಚನೆ. ಚಳಿಯೂ ಹಿಮವೂ ಈ ಕಾರ್ಯವನ್ನು ಸ್ವಲ್ಪ ಹಿಂದುಮುಂದು ಮಾಡಬಹುದಾದರೂ ಮೂಲಕಾರಣವು ಬೆಳಕೇ.

ಸಹಸ್ರಾರು ವರ್ಷ ಮೊಲವನ್ನು ಕಾಪಾಡಿದ ಈ ಏರ್ಪಾಡು ಈಗ ಅದಕ್ಕೇ ಅಪಾಯವನ್ನು ತರುತ್ತಿದೆ. ಹೇಗೆಂದರೆ, ಭೂಮಿಯ ಶಾಖವು ಏರಿದರೂ ಹಗಲಿನ ಅಳತೆಯು ಬದಲಾಗುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಅರುವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಸ್ಕಾಟ್ಲೆಂಡಿನ ಈ ಬೆಟ್ಟಗಳಲ್ಲಿ ಹಿಮವಿರುವ ದಿನಗಳು ವರ್ಷಕ್ಕೆ ಸರಾಸರಿ 37ರಷ್ಟು ಕಡಿಮೆಯಾದುವು. ಮೊಲವು ಬಣ್ಣ ಬದಲಾಯಿಸುವ ಕಾಲವಾದರೋ ಮೊದಲಿನಂತೆಯೇ ಉಳಿಯಿತು. ಇದರ ಫಲವಾಗಿ, ಹಿಮವಿಲ್ಲದ ಕಂದುನೆಲದ ಮೇಲೆ ಬಿಳಿಯ ಮೊಲವು ಎದ್ದು ಕಾಣುವ ದಿನಗಳು ವರ್ಷಕ್ಕೆ 35ರಷ್ಟು ಹೆಚ್ಚಾದುವು.

ಇದಕ್ಕೆ ಪರಿಹಾರವೇ ಇಲ್ಲವೆನ್ನಲಾಗದು. ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ಹಿಮವು ಬಹಳ ಕಾಲ ನಿಲ್ಲುವುದಿಲ್ಲ. ಅಲ್ಲಿಗೆ 1855ರಲ್ಲಿ ನಾರ್ವೆಯಿಂದ ಇದೇ ಜಾತಿಯ ಮೊಲಗಳನ್ನು ತಂದು ಬಿಟ್ಟರು. ಮೊದಲ ಚಳಿಗಾಲಗಳಲ್ಲಿ ಅವುಗಳಲ್ಲಿ ಅನೇಕವು ಬೆಳ್ಳಗಾದುವು. ಕೆಲವು ದಶಕಗಳು ಕಳೆಯುವಷ್ಟರಲ್ಲಿ, ಚಳಿಗಾಲದಲ್ಲಿಯೂ ಬೆಳ್ಳಗಾಗದವುಗಳ ಸಂತತಿಯೇ ಉಳಿಯಿತು. ಹುಟ್ಟಿನಿಂದಲೇ ಭೇದವುಳ್ಳ ಕೆಲವು ಮೊಲಗಳು ಆ ಗುಂಪಿನಲ್ಲಿದ್ದುದೇ ಇದಕ್ಕೆ ಕಾರಣ. ಆದುದರಿಂದ ಬೆಟ್ಟದ ಮೊಲಗಳ ಸಂಖ್ಯೆಯೂ ಅವುಗಳೊಳಗಿನ ವೈವಿಧ್ಯವೂ ಕುಗ್ಗದಂತೆ ನೋಡಿಕೊಳ್ಳುವುದು ಅತ್ಯಾವಶ್ಯಕವು. ಎಲ್ಲವೂ ಒಂದೇ ಬಗೆಯಾಗಿರುವ ಕುಲಕ್ಕೆ ಕಾಲವು ಬದಲಾದಾಗ ಬೇರೆ ದಾರಿಯಿರದು.