ಎದೆನೋವಿಗೆ ಸೋಡಾ ಬೇಡ, ಮೊದಲು ಇಸಿಜಿ ಮಾಡಿಸಿ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಜನ ಹೆದರಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಕ್ಯೂ ನಿಂತರು. ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವಿಷಯವನ್ನು ಪರಿಶೀಲಿಸಿತು. ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ ಎಂದು ವರದಿ ಹೇಳಿತು. ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ಧೂಮಪಾನದಂಥ ಹಳೇ ಕಾರಣಗಳ ಕಡೆಗೇ ಅದು ಬೊಟ್ಟು ಮಾಡಿತು.

ನೋವಿಲ್ಲದವರು ಹೀಗೆ ಕ್ಯೂ ನಿಲ್ಲುತ್ತಾರೆ. ನಿಜಕ್ಕೂ ನೋವು ಬಂದವರು ಮನೆಯಲ್ಲಿ "ಗ್ಯಾಸ್ ಇರಬೇಕು" ಅಂತ ನಿಂಬೆ ಸೋಡಾ ಕುಡಿದು ಮಲಗುತ್ತಾರೆ. ನಮ್ಮ ಬ್ಯಾರಿ ಮನೆಗಳಲ್ಲೂ ಇದೇ ಕಥೆ.

ಗ್ಯಾಸಾ, ಹೃದಯವಾ?

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಕೊಬ್ಬು ಕಟ್ಟಿ, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ನಾಳ ಮುಚ್ಚಿದಷ್ಟು ಹೊತ್ತು ಸ್ನಾಯು ಸಾಯುತ್ತಾ ಹೋಗುತ್ತದೆ. ಎದೆ ಹಿಂಡಿದಂತಾಗುವುದು, ನೋವು ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆ ಬೆವರು ಇದರ ಲಕ್ಷಣಗಳು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಂತಿ ಆಗಬಹುದು. ಉಮ್ಮ "ಏನಿಲ್ಲ ಮಗಾ, ಸ್ವಲ್ಪ ಆಯಾಸ" ಎಂದರೆ ಅಲ್ಲಿಗೇ ಬಿಡಬೇಡಿ.

ಗ್ಯಾಸಾ, ಹೃದಯವಾ ಎಂದು ಮನೆಯಲ್ಲಿ ಕೂತು ಹೇಳಲು ಯಾರಿಗೂ ಆಗದು. ಅದಕ್ಕೆ ಇಸಿಜಿ ಬೇಕು. ಮೊದಲ ಇಸಿಜಿ ಸರಿ ಇದ್ದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ಇಸಿಜಿ, ಜೊತೆಗೆ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ಎಕೋದಲ್ಲಿ ಹೃದಯದ ಪಂಪಿಂಗ್ ಗೊತ್ತಾಗುತ್ತದೆ. ಕೈ ಅಥವಾ ತೊಡೆಯ ನಾಳದಿಂದ ತೆಳು ಕೊಳವೆ ತೂರಿಸಿ, ಬಣ್ಣ ಬಿಟ್ಟು ಬ್ಲಾಕ್ ನೋಡುವುದೇ ಆಂಜಿಯೋಗ್ರಾಂ. ಅದು ಆಪರೇಷನ್ ಅಲ್ಲ, ಹೆದರಬೇಕಾಗಿಲ್ಲ.

ಇಲ್ಲಿ ಜಯದೇವ, ಊರಲ್ಲಿ ತಾಲೂಕು ಆಸ್ಪತ್ರೆ

ನಮ್ಮಲ್ಲಿ ಹಲವರದ್ದು ಎರಡು ಕಡೆಯ ಬದುಕು. ಮಗ ಗಿರಿನಗರದಲ್ಲಿ ವ್ಯಾಪಾರ, ಬಾಪ-ಉಮ್ಮ ಬಂಟ್ವಾಳದಲ್ಲೋ ಪುತ್ತೂರಲ್ಲೋ. ಎರಡೂ ಕಡೆಯ ದಾರಿ ಗೊತ್ತಿರಬೇಕು.

ಗಿರಿನಗರ, ಬನಶಂಕರಿ ಕಡೆಯವರಿಗೆ ಬನ್ನೇರುಘಟ್ಟ ರಸ್ತೆಯ ಜಯದೇವ ಸಂಸ್ಥೆ ಇದೆ. ಇದು ಸರ್ಕಾರದ ಸ್ವಾಯತ್ತ ಆಸ್ಪತ್ರೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ "ಮೊದಲು ಚಿಕಿತ್ಸೆ, ಆಮೇಲೆ ಹಣ" ಎಂಬ ಪದ್ಧತಿಗೆ ಹೆಸರಾಯಿತು. ನೋವು ಬಂದಾಗ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ. ಟ್ರಾಫಿಕ್ ಜಾಸ್ತಿ ಇದ್ದರೆ ಇಸಿಜಿ ಇರುವ ಹತ್ತಿರದ ಆಸ್ಪತ್ರೆಯೇ ಮೊದಲು. ತಪಾಸಣೆಗೆ ಹೋಗುವವರಿಗೆ 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಮಾರ್ಗದಲ್ಲಿ ಜಯದೇವ ನಿಲ್ದಾಣವೂ ಇದೆ.

ಊರಿನವರಿಗೆ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಒಂದು ಗಂಟೆಯಲ್ಲಿ ಕೊಟ್ಟರೆ ಲಾಭ ಹೆಚ್ಚು. ಆಮೇಲೆ ಆಂಜಿಯೋಗ್ರಾಂಗೆ ಮಂಗಳೂರಿಗೆ ಕಳಿಸುತ್ತಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕೂಡ ಹಳ್ಳಿ ಡಾಕ್ಟರ್‌ಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲೇ ಸಲಹೆ ಕೊಡುವ ಕೆಲಸ ಮಾಡುತ್ತಿದ್ದಾರೆ. ನಿಮ್ಮೂರಿನ ಹತ್ತಿರ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಇವತ್ತೇ ವಿಚಾರಿಸಿಡಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡ್ ಮಾಡಿಸಿಡಿ.

ಸ್ಟೆಂಟ್ ಹಾಕಿದ ಮೇಲೆ

ಸ್ಟೆಂಟ್ ಹಾಕಿದರೆ ಎಲ್ಲ ಮುಗಿಯಿತು ಅಂತ ತಿಳಿಯಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಮತ್ತೆ ಹೆಪ್ಪುಗಟ್ಟಿ ಜೀವಕ್ಕೆ ಕುತ್ತು ಬರಬಹುದು. ಹಲ್ಲು ಕೀಳಿಸುವುದಕ್ಕೂ ಹೃದಯದ ಡಾಕ್ಟರನ್ನು ಕೇಳಿಯೇ ಹೋಗಿ.

ರಂಝಾನ್‌ನಲ್ಲಿ ಕೆಲವರು ಮಾತ್ರೆಯನ್ನೇ ಬಿಟ್ಟು ಉಪವಾಸ ಹಿಡಿಯುತ್ತಾರೆ. ಇದು ಧರ್ಮ ಕೇಳಿದ್ದಲ್ಲ. ರೋಗಿಗೆ ರಿಯಾಯಿತಿ ಇದೆ. ಗುಣವಾದ ಮೇಲೆ ಕಝಾ ವೀಟಬಹುದು, ಗುಣವಾಗದ ಕಾಯಿಲೆಗೆ ಫಿದ್‌ಯಾ ಇದೆ. ಕೆಲವರಿಗೆ ಮಾತ್ರೆಯನ್ನು ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಿಕೊಡಲು ಆಗುತ್ತದೆ. ರಂಝಾನ್ ಬರುವ ತಿಂಗಳ ಮೊದಲೇ ಡಾಕ್ಟರನ್ನೂ ಉಸ್ತಾದರನ್ನೂ ಕೇಳಿಕೊಳ್ಳಿ.

ಈ ಶುಕ್ರವಾರ ಊರಿಗೆ ಫೋನ್ ಮಾಡುವಾಗ ಬಾಪನ ಬಿಪಿ, ಉಮ್ಮಳ ಸಕ್ಕರೆ ಎಷ್ಟಿದೆ ಅಂತ ಕೇಳಿ. ನಂಬರ್ ಗೊತ್ತಿಲ್ಲ ಎಂದರೆ, ಸೋಮವಾರವೇ ಪರೀಕ್ಷೆ ಮಾಡಿಸಿ.