ಮಾವು ಮತ್ತು ಕಾಫಿ ಗಿಡಗಳನ್ನು ಕೊರೆಯುವ ಉದ್ದಮೀಸೆಯ ದುಂಬಿಗಳು

ಹಿರಿಯರು ನೆಟ್ಟು ಬೆಳೆಸಿದ ಮಾವಿನ ಮರವು ಕೊಂಬೆಕೊಂಬೆಯಾಗಿ ಒಣಗುತ್ತ ಬಂದರೆ, ನೀರು ಸಾಲದೆಂದೋ ಮರಕ್ಕೆ ವಯಸ್ಸಾಯಿತೆಂದೋ ರೈತರು ಭಾವಿಸುವುದುಂಟು. ಅನೇಕ ವೇಳೆ ಇದಕ್ಕೆ ಕಾರಣವು ಕಾಂಡದೊಳಗೆ ಅಡಗಿರುವ ಹುಳುವೇ ಆಗಿರುತ್ತದೆ. ಇದು ಉದ್ದಮೀಸೆಯ ದುಂಬಿಯ ಮರಿ.

ಮಾವಿನ ದುಂಬಿಯು ಸುಮಾರು 2 ಅಂಗುಲ ಉದ್ದವಾಗಿ, ಬೂದು ಮಿಶ್ರವಾದ ಕಂದು ಬಣ್ಣದ್ದಾಗಿರುತ್ತದೆ. ಮಳೆಗಾಲದ ಮೊದಲಲ್ಲಿ ಹೊರಬಂದು, ತೊಗಟೆಯನ್ನು ಕಚ್ಚಿ ಸೀಳಿ, ಒಂದೊಂದಾಗಿ ಮೊಟ್ಟೆಗಳನ್ನಿಡುತ್ತದೆ. ಹಲಸು, ಅಂಜೂರ, ಬೂರುಗದ ಮರಗಳೂ ಇದಕ್ಕೆ ಆಶ್ರಯವಾಗಿವೆ. ಕಾಲಿಲ್ಲದ ಬಿಳಿಯ ಮರಿಹುಳುವು ಮೊದಲು ತೊಗಟೆಯ ಕೆಳಗೂ ಬಳಿಕ ಮರದೊಳಗೂ ಕೊರೆಯುತ್ತ, ಸುಮಾರು ಒಂದು ವರ್ಷ ಅಲ್ಲಿಯೇ ಬೆಳೆದು 3 ಅಂಗುಲದಷ್ಟಾಗುತ್ತದೆ. ಅದು ಮರದ ಪುಡಿಯನ್ನೂ ಹಿಕ್ಕೆಯನ್ನೂ ರಂಧ್ರದಿಂದ ಹೊರದೂಡುವುದರಿಂದ, ಬುಡದಲ್ಲಿ ಬಿದ್ದ ಪುಡಿಯೇ ಅದರ ಇರವಿಗೆ ಗುರುತು.

ಕಾಫಿಯ ಬಿಳಿ ಕಾಂಡಕೊರಕದ ರೀತಿ ಬೇರೆ. ಇದು ಅರಾಬಿಕಾ ಗಿಡವನ್ನು ವಿಶೇಷವಾಗಿ ಹಿಡಿಯುತ್ತದೆ. ರೊಬಸ್ಟಾದಲ್ಲಿ ಇದರ ಬಾಧೆ ಕಡಮೆ. ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ದುಂಬಿಗಳು ಹಾರಾಡಿ, ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳುವು ತಾನು ಕೊರೆದ ಪುಡಿಯನ್ನು ಹಿಂದೆಯೇ ಬಿಗಿಯಾಗಿ ತುಂಬುತ್ತ ಮುಂದುವರಿಯುತ್ತದೆ. ಹೊರಗೆ ಏನೂ ಬೀಳುವುದಿಲ್ಲ. ಆದುದರಿಂದ ಪುಡಿ ಕಾಣಲಿಲ್ಲವೆಂದು ನಿಶ್ಚಿಂತರಾಗಿರಬಾರದು. ಕಾಂಡದ ಮೇಲೆ ಎದ್ದ ಏಣುಗಳನ್ನೂ ಹಳದಿಯಾಗಿ ಬಾಡುವ ಎಲೆಗಳನ್ನೂ ನೋಡಿ ತಿಳಿಯತಕ್ಕದ್ದು.

ಪರಿಹಾರಗಳು:

1. ಮಾವಿನ ಮರದ ರಂಧ್ರವನ್ನು ಶುದ್ಧಮಾಡಿ, ಕೊಕ್ಕೆಯಾಗಿ ಬಗ್ಗಿಸಿದ ತಂತಿಯಿಂದ ಹುಳುವನ್ನು ಎಳೆದು ಕೊಲ್ಲಬೇಕು. ಅದು ಕೈಗೆಟುಕದಿದ್ದರೆ, ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ತುರುಕಿ ಬಾಯಿಗೆ ಕೆಸರು ಮೆತ್ತಬೇಕು.

2. ಕಾಫಿ ಗಿಡದ ಸಡಿಲ ತೊಗಟೆಯನ್ನು, ಒಳತೊಗಟೆಗೆ ಗಾಯವಾಗದಂತೆ, ಒರಟು ಬಟ್ಟೆಯಿಂದ ಉಜ್ಜಿ ತೆಗೆಯಬೇಕು. ದುಂಬಿಯು ಬಿಸಿಲನ್ನು ಮೆಚ್ಚುವುದರಿಂದ ತೋಟದಲ್ಲಿ ತಕ್ಕಷ್ಟು ನೆರಳಿರಬೇಕು.

3. ಹುಳು ಹಿಡಿದ ಕಾಫಿ ಗಿಡಗಳನ್ನು ಮಾರ್ಚಿಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ, ಅಂದರೆ ದುಂಬಿಗಳು ಹೊರಡುವುದಕ್ಕೆ ಮುಂಚೆ, ಕಿತ್ತು ಸುಡಬೇಕು.

ಕಡಿದ ಮರವನ್ನು ಸೌದೆಗೆಂದು ಹಿತ್ತಲಿನಲ್ಲಿ ಒಟ್ಟುವುದು ದೊಡ್ಡ ತಪ್ಪು. ಒಳಗಿನ ಹುಳುವು ಸಾಯದೆ ಅಲ್ಲಿಯೇ ಬಲಿತು, ದುಂಬಿಯಾಗಿ ನೆರೆಯವರ ತೋಟವನ್ನು ಸೇರುತ್ತದೆ. ಒಬ್ಬನ ಅಲಕ್ಷ್ಯದಿಂದ ಊರಿಗೇ ನಷ್ಟವಾಗುವುದರಿಂದ, ಗ್ರಾಮದ ಮುಖಂಡರು ಈ ವಿಷಯವನ್ನು ಎಲ್ಲ ಹಿಡುವಳಿದಾರರಿಗೂ ತಿಳಿಯಪಡಿಸಿ, ಸಕಾಲದಲ್ಲಿ ಒಟ್ಟಾಗಿ ಕೆಲಸ ನಡೆಯುವಂತೆ ನೋಡಿಕೊಳ್ಳತಕ್ಕದ್ದು.