ಸವಣೂರಿನ ಪೆಟ್ಟಿಗೆಯಲ್ಲಿ ಗಾಂಧಾರಿ

ಗಂಗೂಬಾಯಿ ಹಾನಗಲ್ಲರ ದನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ರೇಡಿಯೊ ಹಚ್ಚುವಷ್ಟರಲ್ಲಿ ಹೆಸರು ಹೇಳಿ ಮುಗಿಸಿದ್ದರೆ, ಹಾಡುತ್ತಿರುವುದು ಗಂಡಸೇ ಎಂದು ಹೊಸಬರು ತಿಳಿಯುತ್ತಾರೆ. ಆ ತುಂಬು ಗಡಸು ದನಿಗಿಂತ ಮೊದಲು ಅವರಿಗೆ ಇನ್ನೊಂದು ದನಿ ಇತ್ತು. ಅದು ಉಳಿದಿರುವುದು ಹತ್ತಿಂಚಿನ ಅರಗಿನ ಪ್ಲೇಟುಗಳ ಮೇಲೆ, ಅದೂ ಬೇರೆ ಹೆಸರಿನಲ್ಲಿ. ಆ ಪ್ಲೇಟಿನ ತನಕ ನಾನು ಬಂದ ದಾರಿ ಶುರುವಾಗುವುದು ಮಾತ್ರ ಲಂಡನ್ನಿನ ಪಿಂಕ್ ಫ್ಲಾಯ್ಡ್ ತಂಡದಿಂದ.

ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಹತ್ತಿದ ಚಟ ಅದು. ಮೊದಲು ಕ್ಯಾಸೆಟ್ಟು, ಕೈಯಲ್ಲಿ ನಾಲ್ಕು ದುಡ್ಡು ಆಡತೊಡಗಿದ ಮೇಲೆ ಎಲ್‌ಪಿ. 1971ರ ‘ಮೆಡಲ್’ ಎಂಬ ಎಲ್‌ಪಿಯ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು, ‘ಎಕೋಸ್’. 23 ನಿಮಿಷಕ್ಕೂ ಹೆಚ್ಚು. ಪ್ರೊಗ್ರೆಸಿವ್ ರಾಕ್ ಎಂದು ಕರೆಸಿಕೊಂಡ ತಂಡಗಳಿಗೆಲ್ಲ ಇಂಥ ಉದ್ದದ ಹುಚ್ಚು. ನಮ್ಮ ಕಡೆಯ ಕಿವಿಗೆ ಅದೇನು ಹೊಸದಲ್ಲ. ವಿಲಂಬಿತ ಖಯಾಲು ಕೇಳಿ ಬೆಳೆದವನಿಗೆ 23 ನಿಮಿಷ ಎಂದರೆ ಗವಾಯಿ ಈಗಷ್ಟೇ ಸರಿಯಾಗಿ ಕೂತ ಹಾಗೆ. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ತಂದದ್ದರಿಂದ ರಾಕ್ ತಂಡಗಳಿಗೂ ನಮ್ಮ ಗವಾಯಿಗಳಿಗೂ ಒಟ್ಟಿಗೇ ಜಾಗ ಸಿಕ್ಕಿತು. ಅದಕ್ಕಿಂತ ಹಿಂದಿನವರು ಏನು ಹಾಡಿದರೂ ಮೂರು, ಮೂರೂಕಾಲು ನಿಮಿಷದಲ್ಲಿ ಕಟ್ಟಿ ಮುಗಿಸಬೇಕಿತ್ತು.

ಎಲ್‌ಪಿ ಕೂಡಿಡುವವರಿಗೆ ಇನ್ನೊಂದು ರೋಗವಿರುತ್ತದೆ: ಸಣ್ಣಕ್ಷರ ಓದುವುದು. ಯಾವ ಊರಲ್ಲಿ ಮುದ್ರಣ, ಯಾವ ವರ್ಷದ್ದು, ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲಿನ ಸುತ್ತ ಉಳಿಯುವ ನುಣುಪು ಜಾಗದಲ್ಲಿ ಕೊರೆದ ನಂಬರ್ ಯಾವುದು. ಮನೆಯವರಿಗೆ ಇದು ಕೆಲಸವಿಲ್ಲದವನ ಕೆಲಸ. ಸವಣೂರಿನಲ್ಲಿ ನನ್ನ ಕೆಲಸಕ್ಕೆ ಬಂದದ್ದು ಇದೇ ರೋಗ.

ಸವಣೂರು ನವಾಬರ ಊರು. ಹೊರಗಿನವರು ದೊಡ್ಡ ಹುಣಸೆ ಮರ ನೋಡಲು ಬರುತ್ತಾರೆ, ಖಾರಾ ಕಟ್ಟಿಸಿಕೊಂಡು ಹೋಗುತ್ತಾರೆ. ನಾನು ಹೋದದ್ದು ಮೈಕ್ ಸೆಟ್ಟಿನ ಯಜಮಾನರೊಬ್ಬರ ಮನೆಗೆ. ಮದುವೆ, ಜಾತ್ರೆ, ಉರುಸಿಗೆ ಪ್ಲೇಟು ಹಚ್ಚುತ್ತಿದ್ದ ಮನೆತನ. ಈಗಿನ ಮಕ್ಕಳಿಗೆ ಡಿಜೆ ಬೇಕು, ಪೆಟ್ಟಿಗೆಗಳು ಅಟ್ಟ ಸೇರಿವೆ.

“ಸಣ್ಣಂವಿದ್ದಾಗ ಫೋನೋಕ್ಕ ಚಾವಿ ಕೊಡೂದು ನಂದ ಕೆಲಸ ಇತ್ತ್ರಿ. ಪಿನ್ ಬದಲಿ ಮಾಡೂದು ಮರತರ ಅಪ್ಪನ ಕಡಿಂದ ಬಡತ ಬೀಳತಿದ್ದುವು,” ಎಂದರು. ಅಪ್ಪನ ಸಿಟ್ಟಿಗೆ ಕಾರಣವಿತ್ತು. ಉಕ್ಕಿನ ಪಿನ್ನು ಒಂದು ಮಗ್ಗುಲು ಬಾರಿಸುವಷ್ಟರಲ್ಲಿ ಸವೆದು, ಎರಡನೆಯ ಮಗ್ಗುಲಿಗೆ ಹಾಡಿನ ಗೆರೆಯನ್ನೇ ಕೆರೆಯತೊಡಗುತ್ತದೆ.

ಪೆಟ್ಟಿಗೆಯಲ್ಲಿ ನಾಟಕ ಕಂಪನಿಗಳ ಹಾಡು, ಮರಾಠಿ ಪದ, ಹಿಂದಿ ಸಿನಿಮಾ. ಅವುಗಳ ನಡುವೆ ನಾಯಿ ಛಾಪಿನ ಎಚ್‌ಎಂವಿ ಪ್ಲೇಟೊಂದು. ಹಾಡಿದವರ ಹೆಸರು ಗಾಂಧಾರಿ, ಜೊತೆಗೆ ಹಾನಗಲ್. ಹಾನಗಲ್ ತಾಲೂಕಿನವನಾದ ನನಗೆ ನಮ್ಮೂರಿನ ಈ ಗಾಂಧಾರಿ ಯಾರೆಂದು ಹೊಳೆಯಲಿಲ್ಲ. ಯಜಮಾನರು ತಮ್ಮ ಹಳೆಯ ಯಂತ್ರದ ಮೇಲೆ ಹಾಕಿದರು. ಕೊರಕೊರ ಸದ್ದನ್ನು ಸೀಳಿಕೊಂಡು ತೆಳ್ಳಗಿನ, ಚೂಪಾದ ಹೆಣ್ಣುದನಿ ಮೇಲಿನ ಷಡ್ಜಕ್ಕೆ ಸಲೀಸಾಗಿ ಹತ್ತಿತು. ಗಂಗೂಬಾಯಿಯವರ ಹೆಸರು ನನ್ನ ಬಾಯಿಂದ ಬಂದೊಡನೆ ಯಜಮಾನರು ನಕ್ಕೇಬಿಟ್ಟರು: “ಏ, ಇದು ಬ್ಯಾರೆ ಯಾವ್ದೋ ಹುಡುಗೀ ಧ್ವನಿ ಬಿಡ್ರಿ. ಇಲ್ಲಾ ಮಷೀನ್ ಜೋರ್ ತಿರಗಾಕತ್ತೇತಿ.”

ಆ ಎರಡನೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪ್ಲೇಟು ಜೋರಾಗಿ ತಿರುಗಿದರೆ ಗಂಡಸೂ ಹುಡುಗಿಯಾಗುತ್ತಾನೆ. ಪ್ಲೇಟು ಕೊಂಡು ತಂದು ಪರೀಕ್ಷೆಗೆ ಕೂತೆ. ಅದಕ್ಕೊಂದು ಹಳೆಯ ಉಪಾಯವಿದೆ. ನಮ್ಮ ಕರೆಂಟು 50 ಹರ್ಟ್ಸಿನದು. ಚೋಕಿನ ಹಳೇ ಟ್ಯೂಬ್‌ಲೈಟು ಅದರ ತಾಳಕ್ಕೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ದುಂಡಗೆ ಕತ್ತರಿಸಿದ ಕಾಗದದ ಅಂಚಿಗೆ ಸಮನಾಗಿ 77 ಕಪ್ಪು ಗೆರೆ ಎಳೆದು ಪ್ಲೇಟಿನ ಮೇಲಿಟ್ಟು, ಆ ಬೆಳಕಿನಲ್ಲಿ ತಿರುಗಿಸಬೇಕು. ವೇಗ ನಿಮಿಷಕ್ಕೆ 78 ಸುತ್ತಿನ ಹತ್ತಿರವಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ, ಹೆಚ್ಚಾದರೆ ಮುಂದಕ್ಕೆ, ಕಡಿಮೆಯಾದರೆ ಹಿಂದಕ್ಕೆ ಸರಿಯುತ್ತವೆ. (ಈಗಿನ ಎಲ್‌ಇಡಿ ಬಲ್ಬು ಎಷ್ಟೋ ಸಲ ಇದಕ್ಕೆ ಬರುವುದಿಲ್ಲ. ಟ್ಯೂಬ್‌ಲೈಟು ಕಿತ್ತೆಸೆಯುವ ಮುನ್ನ ಯೋಚಿಸಿ.) ಗೆರೆ ನಿಂತಿತು, ದನಿ ಇಳಿಯಲಿಲ್ಲ. ವೇಗ ತಗ್ಗಿಸುತ್ತ ಹೋದೆ; ನನಗೆ ಗೊತ್ತಿದ್ದ ಗಂಗೂಬಾಯಿ ಸಿಗುವ ಮೊದಲೇ ತಬಲಾ ತೂಕಡಿಸತೊಡಗಿತು. ಯಂತ್ರದ ತಪ್ಪೇನೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಓದಿನಲ್ಲಿ. ಗಂಗೂಬಾಯಿಯವರು ಹೇಳಿ, ಎನ್.ಕೆ. ಕುಲಕರ್ಣಿಯವರು ನಿರೂಪಿಸಿದ ‘ನನ್ನ ಬದುಕಿನ ಹಾಡು’ ಎಂಬ ಆತ್ಮಕತೆ ಇದೆ. ಹಳೆಯ ಪ್ಲೇಟುಗಳ ಸಂಗ್ರಾಹಕರು 1990ರಲ್ಲಿ ಮುಂಬಯಿಯಲ್ಲಿ ಕಟ್ಟಿಕೊಂಡ ಸಂಘವೂ ಒಂದಿದೆ, ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್. ಸುರೇಶ ಚಾಂದವಣಕರ ಮತ್ತಿತರರು ಅದರ ಪತ್ರಿಕೆಯಲ್ಲಿ ಇಂಥ ಪ್ಲೇಟುಗಳ ಜಾತಕ ಬರೆದಿಟ್ಟಿದ್ದಾರೆ. ಇವನ್ನೆಲ್ಲ ಕೂಡಿಸಿ ನೋಡಿದಾಗ ಸಂಗತಿ ನಿಚ್ಚಳ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ, 1930ರ ದಶಕದ ಮೊದಲ ವರ್ಷಗಳಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿರುವಾಗ, ಮುಂಬಯಿಗೆ ಹೋಗಿ ಎಚ್‌ಎಂವಿಗೆ ಹಾಡಿದರು. ಆ ಪ್ಲೇಟುಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಯೂ ಅವುಗಳಲ್ಲಿದೆ. ಖಯಾಲು ಬಿಟ್ಟು ಬೇರೇನೂ ಹಾಡೆನೆಂದು ಮುಂದೆ ಪಟ್ಟು ಹಿಡಿದ ಗಾಯಕಿ ಇವರೇ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಕಂಠ ಒಡೆದು ದಪ್ಪಗಾಯಿತು. ಅಷ್ಟಕ್ಕೆ ಹಾಡು ಬಿಟ್ಟವರು ಎಷ್ಟೋ ಮಂದಿ ಇದ್ದಾರು. ಇವರು ಬಂದ ದನಿಯನ್ನೇ ದುಡಿಸಿಕೊಂಡು ಸವಾಯಿ ಗಂಧರ್ವರ ಹತ್ತಿರ ಕಲಿತರು. ಕಲಿಕೆಗಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ನನ್ನ ಮಟ್ಟಿಗೆ ದೊಡ್ಡ ಗಂಗೂಬಾಯಿ ಈ ಎರಡನೆಯವರೇ. ಗಾಂಧಾರಿಯನ್ನು ಕೇಳಿದ ಮೇಲೆ ಅದು ಇನ್ನಷ್ಟು ಖಾತ್ರಿಯಾಯಿತು.

ಹುಡುಕಾಟ ನಿಲ್ಲಲಿಲ್ಲ. ಶಿಗ್ಗಾಂವಿ ತಾಲೂಕಿನ ಹುಲಗೂರಿನ ಹೆಸರು ಹೊತ್ತ ಕೃಷ್ಣಾಚಾರ್ಯ ಹುಲಗೂರ ಎಂಬ ಕಿನ್ನರಿ ವಾದಕರು ಹುಬ್ಬಳ್ಳಿಯಲ್ಲಿ ಆಕೆಗೆ ಮೊದಲ ಹಿಂದೂಸ್ತಾನಿ ಪಾಠ ಹೇಳಿದವರು. ಆ ಸೀಮೆಯಲ್ಲಿ ಗಾಂಧಾರಿಯ ಪ್ಲೇಟು ಸಿಕ್ಕೀತೆಂಬ ಆಸೆಯಿಂದ ಶಿಗ್ಗಾಂವಿ ಕಡೆ ತಿರುಗಿದೆ. ಎಲ್ಲಿ ಕೇಳಿದರೂ ಶಿಶುನಾಳ ಷರೀಫರ ಕ್ಯಾಸೆಟ್ಟುಗಳೇ ಮುಂದೆ ಬಂದವು. ಬೇಡವೆನ್ನಲು ಮನಸ್ಸು ಬರಲಿಲ್ಲ, ತಂದೆ.

ಹಿರೇಕೆರೂರಿನಲ್ಲಿ ಒಬ್ಬ ಅಜ್ಜಿ ತೋರಿಸಿದ್ದು ಬಟ್ಟಲು. ಪ್ಲೇಟನ್ನು ಬಿಸಿಗೆ ಹಿಡಿದು, ಮೆತ್ತಗಾದ ಮೇಲೆ ಅಂಚು ಮಡಚಿ ಹೂವಿನ ಎಸಳಿನಂತೆ ಮಾಡಿದ್ದು; ತಳದಲ್ಲಿ ಲೇಬಲು ಇನ್ನೂ ಓದಲು ಬರುತ್ತಿತ್ತು, ಯಾವುದೋ ನಾಟಕದ ಪದ. “ಹಾಡು ಹೋದ್ರ ಹೋತು, ಬುಗುರಿ ಗೋಲಿ ಇಡಾಕ ಬಂತಲ್ಲೋ ತಮ್ಮಾ,” ಎಂದರು ಅಜ್ಜಿ. ಈ ಪ್ಲೇಟುಗಳು ಕಡಿಮೆಯಾಗಲು ಕಾರಣ ಬಟ್ಟಲೊಂದೇ ಅಲ್ಲ. ಅರಗಿನ ಪ್ಲೇಟು ಕೈ ಜಾರಿದರೆ ಎರಡು ಹೋಳು. ಒಡಕನ್ನು ಪುಡಿಮಾಡಿ ಹೊಸ ಪ್ಲೇಟಿಗೆ ಬೆರೆಸಬಹುದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಬರ ಬಂದಾಗ ಹೊರದೇಶಗಳಲ್ಲಿ ಜನರಿಂದ ಹಳೆಯ ಪ್ಲೇಟು ವಾಪಸ್ ಕೇಳಿ ಪಡೆದರು.

ಹಾನಗಲ್ಲಿನಲ್ಲಿ ಒಂದೂ ಸಿಗಲಿಲ್ಲ. ಸಂಗೀತಕ್ಕೆ ಕೊರತೆಯಿದ್ದ ಸೀಮೆಯಲ್ಲ ಅದು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾನಗಲ್ ತಾಲೂಕಿನಲ್ಲೇ ಹುಟ್ಟಿದವರು. ಕಣ್ಣಿಲ್ಲದ ಪಂಚಾಕ್ಷರರನ್ನು ಸಾಕಿ ಸಂಗೀತ ಕಲಿಯಲು ಹಚ್ಚಿದವರು ಹಾನಗಲ್ ಕುಮಾರ ಸ್ವಾಮಿಗಳು. ಆದರೆ ಗಂಗೂಬಾಯಿಯವರಿಗೆ ಹಾನಗಲ್ಲು ತಾಯಿಯ ಕಡೆಯಿಂದ ಬಂದ ಹೆಸರು. ಹುಟ್ಟಿ ಬೆಳೆದದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ. ನಮ್ಮೂರ ಚಹಾದಂಗಡಿಯಲ್ಲಿ ಹೀಗೆಂದರೆ ಮಾತ್ರ ಯಾರೂ ಒಪ್ಪುವುದಿಲ್ಲ. ಆಕೆ ನಮ್ಮವರೇ, ಪ್ಲೇಟಿನ ಮೇಲೇ ಬರೆದಿದೆಯಲ್ಲ ಎಂದು ನಾನೇ ತೋರಿಸಿದ ಫೋಟೊ ನನಗೇ ತೋರಿಸುತ್ತಾರೆ.

ಸವಣೂರಿನ ಪ್ಲೇಟಿನ ಒಂದು ಮಗ್ಗುಲಿಗೆ ಕೂದಲೆಳೆಯಷ್ಟು ಸೀಳಿದೆ. ಸುತ್ತಿಗೊಂದರಂತೆ ನಿಮಿಷಕ್ಕೆ 78 ಸಲ ‘ಟಿಕ್’ ಎನ್ನುತ್ತದೆ. ಕಂಪ್ಯೂಟರಿಗೆ ಇಳಿಸಿ ಆ ಸದ್ದು ತೆಗೆಸಿದರೆ ತಾನಿನ ತುದಿಯೂ ಅಲ್ಲಲ್ಲಿ ಮೊಂಡಾಗುತ್ತದೆ. ಹಾಗಾಗಿ ಎರಡು ಪ್ರತಿ ಇಟ್ಟಿದ್ದೇನೆ. ಕೇಳಿದವರ ಮೊಬೈಲಿಗೆ ಟಿಕ್ ತೆಗೆದದ್ದನ್ನು ಕಳಿಸುತ್ತೇನೆ. ಸವಣೂರಿನ ಯಜಮಾನರು ಮಾತ್ರ ಟಿಕ್ ಇದ್ದದ್ದನ್ನೇ ಕೇಳಿ ತರಿಸಿಕೊಂಡರು, “ನಮ್ಮ ಮನಿ ಪ್ಲೇಟು ಹಿಂಗ ಬಾರಸತಿತ್ತು” ಎಂದು. ಅದು ಗಂಗೂಬಾಯಿಯವರ ದನಿ ಎಂಬುದನ್ನು ಅವರು ಈಗಲೂ ಒಪ್ಪಿಲ್ಲ.